‘ಜೈನ್ ಬೇಕಾ?’ ಎಂದು ಕೇಳುವವರು ಇದನ್ನೂ ಕೇಳಿ

ಹೋಟೆಲ್ ನಡೆಸುವ ನಮ್ಮವರೇ, ಠಾಣೆಯ ನೌಪಾಡಾದಿಂದ ಕಲ್ಯಾಣದ ಸ್ಟೇಷನ್ ರೋಡಿನವರೆಗೆ, ಡೊಂಬಿವಲಿಯ ಪೂರ್ವ ಪಶ್ಚಿಮಗಳಿಂದ ವಾಶಿ, ನೆರೂಲ್, ಖಾರ್ಘರ್, ಪನ್ವೇಲ್‌ವರೆಗೆ ಬೆಳಗಾಗುವ ಮೊದಲೇ ಶಟರ್ ಎತ್ತುವ ಶೆಟ್ರೇ, ರಾಯರೇ, ಪೂಜಾರಿಯವರೇ, ನಿಮ್ಮ ಚಟ್ನಿಗೆ ಶೇಂಗಾ ಹಾಕುತ್ತೀರೋ ಇಲ್ಲವೋ? ಹಾಕಿದರೆ ತಪ್ಪೇನೂ ಇಲ್ಲ. 2025ರಲ್ಲಿ ತೆಂಗಿನಕಾಯಿ ಬೆಲೆ ಕೈಸುಡುವಷ್ಟು ಏರಿದಾಗ ಕಾಯಿ ಕಡಿಮೆ ಮಾಡಿ, ಶೇಂಗಾ, ಹುರಿಗಡಲೆ ಜಾಸ್ತಿ ಮಾಡಿದವರನ್ನು ನಾನು ದೂರುವುದಿಲ್ಲ. ವ್ಯಾಪಾರ ಅಂದಮೇಲೆ ಅದೆಲ್ಲ ಇದ್ದದ್ದೇ. ನನ್ನ ತಕರಾರು ಶೇಂಗಾದ ಮೇಲಲ್ಲ, ಕೇಳಿದಾಗ ಸಿಗುವ ಉತ್ತರದ ಮೇಲೆ.

ಮಂಗಳೂರಿನಿಂದ ಮಧ್ಯಾಹ್ನ ಹೊರಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮುಂಜಾವಿಗೆ ಪನ್ವೇಲ್, ಠಾಣೆ ಮುಟ್ಟುತ್ತದೆ. ಅದರಿಂದ ಇಳಿಯುವವರೆಲ್ಲ ಮುಂಬಯಿ ನೋಡಲು ಬಂದವರಲ್ಲ. ಡೊಂಬಿವಲಿಯಲ್ಲಿ ಮದುವೆ ಇರುತ್ತದೆ, ನೆರೂಲಿನಲ್ಲಿ ಗೃಹಪ್ರವೇಶ ಇರುತ್ತದೆ. ಖಾರ್ಘರ್‌ನಲ್ಲಿ ಟಾಟಾ ಸ್ಮಾರಕದ ಕ್ಯಾನ್ಸರ್ ಕೇಂದ್ರವಿದೆ, ಮಕ್ಕಳ ಹೃದಯಕ್ಕೆ ಚಿಕಿತ್ಸೆ ಕೊಡುವ ಸತ್ಯಸಾಯಿ ಸಂಜೀವನಿ ಆಸ್ಪತ್ರೆಯಿದೆ. ನೆಂಟರ ಮನೆಯ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ನಾಲ್ಕು ಜನ ಹೆಚ್ಚುವರಿ ಹಿಡಿಸುವುದಿಲ್ಲ ಎಂದು ಗೊತ್ತಿರುವುದರಿಂದ ಬಂದವರು ಲಾಡ್ಜ್ ಹಿಡಿಯುತ್ತಾರೆ. ನವಿ ಮುಂಬಯಿ ವಿಮಾನ ನಿಲ್ದಾಣ 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಮೇಲೆ ಆ ಕಡೆಯ ಲಾಡ್ಜುಗಳಿಗೆ ಬರುವವರು ಇನ್ನೂ ಹೆಚ್ಚುತ್ತಾರೆ. ಕೈಕಾಲು ತೊಳೆದು ಮಕ್ಕಳನ್ನು ಕರೆದುಕೊಂಡು ಕೆಳಗೆ ಇಳಿದರೆ ಎದುರಿಗೆ ನಿಮ್ಮ ಹೋಟೆಲು. ಬೋರ್ಡಿನ ಮೇಲೆ ಕೃಷ್ಣನ ಹೆಸರೋ ಗಣೇಶನ ಹೆಸರೋ, ಒಳಗಿನಿಂದ ಸಾಂಬಾರಿನ ವಾಸನೆ. ಊರಿನಿಂದ ಬಂದವರಿಗೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಶೇಂಗಾ ಆಗದ ಮಗುವಿನ ತಾಯಿಗೆ ಮಾತ್ರ ಭಯ ಶುರುವಾಗುವುದೇ ಅಲ್ಲಿಂದ. “ಚಟ್ನಿಯಲ್ಲಿ ನೆಲಕಡಲೆ ಉಂಟಾ?” ಎಂದು ಆಕೆ ಕೇಳುತ್ತಾಳೆ. ಸಪ್ಲಾಯರ್ ಹುಡುಗನಿಗೆ ಕನ್ನಡ ಬರುವುದಿಲ್ಲ. ಹಿಂದಿಯಲ್ಲಿ ಕೇಳುತ್ತಾಳೆ. “ನಹೀ ನಹೀ, ಸಾದಾ ಚಟ್ನಿ ಹೈ” ಎಂದು ಅವನು ತಟ್ಟೆ ಇಟ್ಟು ಮುಂದಿನ ಟೇಬಲ್ಲಿಗೆ ಹೋಗುತ್ತಾನೆ. ಅವನು ಸುಳ್ಳು ಹೇಳಿದ್ದಲ್ಲ, ಅವನಿಗೆ ಗೊತ್ತಿಲ್ಲ. ಬಿಹಾರದಿಂದಲೋ ನೇಪಾಳದಿಂದಲೋ ಬಂದು ಹೆಚ್ಚು ದಿನವಾಗಿಲ್ಲ, ಗ್ರೈಂಡರ್ ಇರುವ ಮೂಲೆಗೆ ಅವನು ಕಾಲಿಟ್ಟೇ ಇಲ್ಲ. ಗಿರಾಕಿ ಏನು ಕೇಳಿದರೂ ತಕರಾರು ಬೆಳೆಯದ ಹಾಗೆ ಉತ್ತರ ಕೊಡಬೇಕೆಂದು ಅವನಿಗೆ ಕಲಿಸಿದವರು ನಾವು. ಅವನು ಕಲಿತದ್ದನ್ನು ಹೇಳಿದ.

ಆ ‘ನಹೀ’ಯ ಬೆಲೆ ಎಷ್ಟೆಂದು ಹೇಳುತ್ತೇನೆ, ಕೇಳಿ. ಶೇಂಗಾಕ್ಕೋ ಗೋಡಂಬಿಗೋ ಹಾಲಿಗೋ ತೀವ್ರ ಅಲರ್ಜಿ ಇರುವ ಮಗುವಿನ ಮೈ ಆ ಪದಾರ್ಥವನ್ನು ಶತ್ರುವೆಂದು ಎಣಿಸಿ ಎದುರು ನಿಲ್ಲುತ್ತದೆ. ತಿಂದ ಕೆಲವೇ ನಿಮಿಷಗಳಲ್ಲಿ, ಕೆಲವೊಮ್ಮೆ ಎರಡು ಗಂಟೆಯೊಳಗೆ, ತುಟಿ ಊದಿಕೊಳ್ಳುತ್ತದೆ, ಮೈತುಂಬ ಪಿತ್ತದ ಗಂಧೆ ಏಳುತ್ತದೆ, ವಾಂತಿಯಾಗುತ್ತದೆ. ಗಂಟಲು ಬಿಗಿದು ಉಸಿರು ಸಿಳ್ಳೆ ಹಾಕಲು ಶುರುವಾದರೆ, ರಕ್ತದೊತ್ತಡ ಕುಸಿದರೆ, ಅದು ಪ್ರಾಣಕ್ಕೇ ಬಂದಂತೆ. ಇದಕ್ಕೆ ಮೊದಲ ಔಷಧ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಮನೆಯಲ್ಲಿ ಇಟ್ಟುಕೊಳ್ಳುವ ಅಲರ್ಜಿ ಮಾತ್ರೆ, ಸಿರಪ್ಪುಗಳು ತುರಿಕೆ ಇಳಿಸುತ್ತವೆಯೇ ಹೊರತು ಉಸಿರು ಉಳಿಸುವುದಿಲ್ಲ. ಹೊರದೇಶಗಳಲ್ಲಿ ಒತ್ತಿದರೆ ಸಾಕು ಎನ್ನುವಂಥ ಪೆನ್ನಿನ ರೂಪದಲ್ಲಿ ಸಿಗುವ ಆ ಔಷಧ ನಮ್ಮ ಮೆಡಿಕಲ್ ಶಾಪುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇಲ್ಲಿನ ಎಷ್ಟೋ ತಾಯಂದಿರು ವೈದ್ಯರು ಪ್ರಮಾಣ ಗುರುತು ಮಾಡಿಕೊಟ್ಟ ಸಿರಿಂಜು ಮತ್ತು ಗಾಜಿನ ಆಂಪೂಲನ್ನು ಪರ್ಸಿನಲ್ಲಿ ಇಟ್ಟುಕೊಂಡೇ ತಿರುಗುತ್ತಾರೆ. ಮಗು ಉಸಿರಿಗಾಗಿ ಒದ್ದಾಡುತ್ತಿರುವಾಗ ಆಂಪೂಲಿನ ಕತ್ತು ಮುರಿದು, ಔಷಧ ಎಳೆದು, ಚುಚ್ಚಬೇಕು. ಚುಚ್ಚಿ 108ಕ್ಕೆ ಫೋನ್ ಮಾಡಬೇಕು. ಬೆಳಗಿನ ಎಂಟೂವರೆಗೆ ಕಲ್ಯಾಣ ಸ್ಟೇಷನ್ ಎದುರಿನ ರಿಕ್ಷಾಗಳ ನಡುವೆ ಆಂಬುಲೆನ್ಸ್ ಬರುವ ಪರಿಯನ್ನು ನಾನು ವರ್ಣಿಸಬೇಕಾಗಿಲ್ಲ.

ಕಲ್ಯಾಣದ್ದೇ ಒಂದು ಹೋಟೆಲಿನಲ್ಲಿ ನನ್ನ ಎದುರಿನ ಟೇಬಲ್ಲಿಗೆ ಅಂಥದೊಂದು ಸಂಸಾರ ಬಂದು ಕೂತಿತ್ತು. ಹುಡುಗನಿಗೆ ಏಳೆಂಟು ವರ್ಷ ಇರಬಹುದು. ಎರಡೂ ಕೈಗಳನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತಿದ್ದ. ಟೇಬಲ್ ಮುಟ್ಟಲಿಲ್ಲ, ನೀರಿನ ಲೋಟ ಮುಟ್ಟಲಿಲ್ಲ. ಒಂದೇ ಬಟ್ಟೆಯಲ್ಲಿ ಎಲ್ಲ ಟೇಬಲ್ ಒರೆಸುತ್ತಾರೆ ಎಂದು ಆ ವಯಸ್ಸಿಗೇ ಅವನಿಗೆ ಗೊತ್ತಿತ್ತು. ಅವನ ಅಪ್ಪ ಬಟ್ಟಲಿನ ಚಟ್ನಿಯನ್ನು ಬೆರಳಲ್ಲಿ ತೀಡಿ ಮೂಸಿ ನೋಡುತ್ತಿದ್ದರು. ಸಪ್ಲಾಯರ್ ನಕ್ಕ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು, “ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ ಮಾರಾಯ್ರೆ, ಸ್ವಲ್ಪ ಸ್ವಲ್ಪ ತಿನ್ನಿಸಿ ಅಭ್ಯಾಸ ಮಾಡಿಸಬೇಕು” ಅಂದರು. ಆ ಅಪ್ಪ ಅವರಿಗೂ ಉತ್ತರ ಕೊಡಲಿಲ್ಲ, ಸಪ್ಲಾಯರ್‌ಗೂ ಕೊಡಲಿಲ್ಲ. ಬಾಳೆಹಣ್ಣು ಕೊಂಡುಕೊಂಡು ಎದ್ದು ಹೋದರು. ಹೋಟೆಲಿಗೆ ಒಂದು ಗಿರಾಕಿ ಹೋಯಿತು, ಅಷ್ಟೇ. ಯಾರೂ ಗಮನಿಸಲಿಲ್ಲ.

ಹಿರಿಯರ ಆ ಮಾತಿಗೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ, ಯಾಕೆಂದರೆ ಪ್ರತಿ ಮನೆಯಲ್ಲೂ ಅದನ್ನು ಹೇಳುವ ಅಜ್ಜಿ, ಮಾವ, ಚಿಕ್ಕಪ್ಪ ಒಬ್ಬರಿದ್ದಾರೆ. ಹಸುಗೂಸುಗಳಿಗೆ ಬೇಗ ಶೇಂಗಾ ತಿನ್ನಿಸಲು ಶುರುಮಾಡಿದರೆ ಮುಂದೆ ಅಲರ್ಜಿ ಬರುವುದು ಕಡಿಮೆಯಾಗುತ್ತದೆ ಎಂದು 2015ರಲ್ಲಿ ಲಂಡನ್ನಿನ ವೈದ್ಯರು ತೋರಿಸಿದ್ದು ನಿಜ. ಅದು ಅಲರ್ಜಿ ಇನ್ನೂ ಬಾರದ ಕೂಸಿನ ಮಾತು. ಬಂದಿರುವ ಮಗುವಿಗೆ ಸ್ವಲ್ಪ ಸ್ವಲ್ಪ ಕೊಟ್ಟು ಒಗ್ಗಿಸುವ ಚಿಕಿತ್ಸೆಯೂ ಇದೆ, ಆದರೆ ಅದನ್ನು ಮಾಡುವುದು ತಜ್ಞರ ಕಣ್ಗಾವಲಿನಲ್ಲಿ, ಗ್ರಾಂನ ಸಣ್ಣ ಸಣ್ಣ ಪಾಲು ಅಳೆದು. ಹೋಟೆಲಿನ ಟೇಬಲ್ಲಿನ ಮೇಲೆ, ಚಟ್ನಿ ಬಟ್ಟಲಿನಿಂದ ಅಲ್ಲ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಬೆಳಗಿನ ರಶ್ಶಿನಲ್ಲಿ ಒಬ್ಬ ಗಿರಾಕಿಗಾಗಿ ಬೇರೆ ಮಾಡಿಕೊಂಡು ಕೂರಲು ಆಗುತ್ತದಾ ಎಂದು ಕೇಳುತ್ತೀರಿ. ಆಗುತ್ತದೆ. ನೀವು ದಿನಾ ಮಾಡುತ್ತಿದ್ದೀರಿ. ಠಾಣೆಯಲ್ಲಾಗಲಿ ವಾಶಿಯಲ್ಲಾಗಲಿ ಪಾವ್‌ಭಾಜಿ ಆರ್ಡರ್ ಕೊಟ್ಟರೆ ಸಪ್ಲಾಯರ್ ತಾನಾಗಿಯೇ ಕೇಳುತ್ತಾನೆ: ಜೈನ್ ಯಾ ರೆಗ್ಯುಲರ್? ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಭಾಜಿ ಬೇರೆ ಪಾತ್ರೆಯಲ್ಲಿ, ಬೇರೆ ಸಟ್ಟುಗದಲ್ಲಿ ತಯಾರಾಗುತ್ತದೆ. ಮರೆತು ಈರುಳ್ಳಿ ಬಿದ್ದರೆ ಭಟ್ಟರು ಅದನ್ನು ಚೆಲ್ಲಿ ಮತ್ತೆ ಮಾಡುತ್ತಾರೆ. ಏಕಾದಶಿ ಬಂತೆಂದರೆ ಉಪವಾಸದವರಿಗೆ ಬೇರೆ ಕಡಾಯಿ, ಬೇರೆ ಎಣ್ಣೆ ಇಡುವ ಹೋಟೆಲುಗಳಿವೆ. ಪರರ ನೇಮವನ್ನು ಇಷ್ಟು ನಿಷ್ಠೆಯಿಂದ ಕಾಪಾಡುವ ಅಡುಗೆಮನೆ ಬೇರೆ ಯಾವ ಊರಲ್ಲಿದೆ? ನನಗೆ ಅದರ ಬಗ್ಗೆ ಹೆಮ್ಮೆಯೇ ಇದೆ. ಅದಕ್ಕೇ ಕೇಳುತ್ತಿದ್ದೇನೆ, ಒಬ್ಬರ ವ್ರತ ಭಂಗವಾಗಬಾರದೆಂದು ಇಷ್ಟು ಮಾಡುವ ಕೈಗೆ ಒಂದು ಮಗುವಿನ ಜೀವಕ್ಕಾಗಿ ಅಷ್ಟೇ ಮಾಡುವುದು ಭಾರವೇ?

ಗೊತ್ತಿಲ್ಲದ್ದರಿಂದ ಆಗುತ್ತಿಲ್ಲ ಎನ್ನೋಣ. ಹಾಗಿದ್ದರೆ ಬನ್ನಿ, ನಿಮ್ಮ ಅಡುಗೆಮನೆಯೊಳಗೇ ಹೋಗಿ ನೋಡೋಣ.

ದೋಸೆಯ ಕಾವಲಿ. ಭಟ್ಟರು ನೀರು ಚಿಮುಕಿಸಿ ಹಿಡಿಸೂಡಿಯಲ್ಲಿ ಒಮ್ಮೆ ಗುಡಿಸಿ ಮುಂದಿನ ಹಿಟ್ಟು ಹೊಯ್ಯುತ್ತಾರೆ. ಸಾದಾ ದೋಸೆಯಲ್ಲಿ ಅಕ್ಕಿ, ಉದ್ದು ಬಿಟ್ಟರೆ ಹೆಚ್ಚೇನಿಲ್ಲ. ಆದರೆ ಅದೇ ಕಾವಲಿಯ ಮೇಲೆ ಒಂದು ನಿಮಿಷದ ಹಿಂದೆ ಮೈಸೂರು ಮಸಾಲೆಯ ಕೆಂಪು ಚಟ್ನಿ ಇತ್ತು, ಅದಕ್ಕೂ ಮೊದಲು ಚೀಸ್ ಸುರಿದ ಜಿನಿ ದೋಸೆ, ಸೋಯಾ ಸಾಸ್ ಬಿದ್ದ ಸ್ಪ್ರಿಂಗ್ ದೋಸೆ. ಹಿಡಿಸೂಡಿಯ ಕಡ್ಡಿಗಳ ಸಂದಿಯಲ್ಲಿ ಬೆಣ್ಣೆ, ಗೋಡಂಬಿ ಚೂರು, ಎಲ್ಲವೂ ಕೂತಿರುತ್ತದೆ. ಕಾವಲಿಯ ಬಿಸಿಗೆ ಎಲ್ಲ ಸುಟ್ಟುಹೋಗುತ್ತದಲ್ಲ ಎಂದು ನೀವು ಹೇಳಬಹುದು. ಕ್ರಿಮಿ ಸಾಯುತ್ತದೆ, ಅಲರ್ಜಿ ಸಾಯುವುದಿಲ್ಲ. ಶೇಂಗಾ ಹುರಿದಷ್ಟೂ ಅದರ ಕಾಟ ಹೆಚ್ಚೇ ಹೊರತು ಕಡಿಮೆಯಲ್ಲ.

ಎಣ್ಣೆಯ ಕಡಾಯಿ. ಉದ್ದಿನವಡೆ ಕೇಳಿದ ಮಗುವಿಗೆ ಬರುವುದು ಸಾಬುದಾಣಾ ವಡೆ ಕರಿದ ಎಣ್ಣೆಯಲ್ಲಿ ತೇಲಿದ ವಡೆ. ಸಾಬುದಾಣಾ ವಡೆ ಎಂದರೆ ಅರೆಬರೆ ಕುಟ್ಟಿದ ಶೇಂಗಾ. ಉಪವಾಸದ ತಿಂಡಿಗೆ ಇಲ್ಲಿ ಶೇಂಗಾಪುಡಿಯೇ ಜೀವಾಳ, ಆದ್ದರಿಂದ ಆಷಾಢಿ ಏಕಾದಶಿ, ಶ್ರಾವಣ, ನವರಾತ್ರಿಗಳಲ್ಲಿ ಅಡುಗೆಮನೆಯ ಗಾಳಿಯಲ್ಲೂ ಅದೇ. ಕಾಂದಾ ಪೋಹೆಯಲ್ಲಿ ಶೇಂಗಾ ಕಣ್ಣಿಗೆ ಕಾಣುತ್ತದೆ, ಅದು ಪ್ರಾಮಾಣಿಕ. ಮಿಸಳ್ ಮೇಲಿನ ಫರ್ಸಾಣಿನಲ್ಲಿ, ವಡಾಪಾವಿನ ಒಣ ಬೆಳ್ಳುಳ್ಳಿ ಚಟ್ನಿಯಲ್ಲಿ ಕಾಣುವುದಿಲ್ಲ.

ಇನ್ನು ಇಂಗು. ಅಂಗಡಿಯಲ್ಲಿ ಸಿಗುವ ಇಂಗಿನ ಡಬ್ಬಿಯ ಹಿಂದೆ ಓದಿ, ಬಹುಪಾಲಿನಲ್ಲಿ ಗೋಧಿಹಿಟ್ಟೋ ಮೈದಾವೋ ಬೆರೆತಿರುತ್ತದೆ. ಗೋಧಿ ಆಗದ ಮಗುವಿಗೆ ಇಡ್ಲಿ ಸರಿ, ಜೊತೆಗಿನ ಸಾಂಬಾರು ಸರಿಯಲ್ಲ. ಇದು ಎಷ್ಟು ಭಟ್ಟರಿಗೆ ಗೊತ್ತು? ಉಪ್ಪಿಟ್ಟು, ರವೆ ಇಡ್ಲಿ, ರವೆ ದೋಸೆ ಎಲ್ಲವೂ ಗೋಧಿಯೇ, ರವೆ ಇಡ್ಲಿಗೆ ಮೊಸರು ಬೇರೆ. ಬನ್ಸ್‌ಗೆ ಮೈದಾ, ಮೊಸರು ಎರಡೂ.

ಹಾಗಾದರೆ ಉಳಿದದ್ದೇನು? ಇಡ್ಲಿ ಉಳಿಯಿತು, ಉದ್ದು ಆಗುವುದಾದರೆ. ರವೆ ಇಡ್ಲಿಯನ್ನು ದೂರವಿಟ್ಟರೆ ಹಬೆಯ ಪೆಟ್ಟಿಗೆಯೊಳಗೆ ಬೇರೆ ಏನೂ ಬೇಯುವುದಿಲ್ಲ, ಅದು ನಿಮ್ಮ ಅಡುಗೆಮನೆಯ ಅತ್ಯಂತ ನಿರುಪದ್ರವಿ ಮೂಲೆ. ನೀರುದೋಸೆ ಉಳಿಯಿತು: ಅಕ್ಕಿ, ಉಪ್ಪು, ನೀರು. ಅದಕ್ಕೊಂದು ಪ್ರತ್ಯೇಕ ಸಣ್ಣ ಕಾವಲಿ ಇದ್ದರೆ ಹಾಲಿಲ್ಲ, ಗೋಧಿಯಿಲ್ಲ, ಉದ್ದೂ ಇಲ್ಲ. ಜಗತ್ತಿನ ದೊಡ್ಡ ದೊಡ್ಡ ಹೋಟೆಲುಗಳ ಬಾಣಸಿಗರು ತಲೆ ಕೆರೆದುಕೊಂಡು ಹುಡುಕುವ ತಿಂಡಿ ನಮ್ಮ ಅಜ್ಜಿಯರು ದಿನಾ ಹೊಯ್ಯುತ್ತಿದ್ದದ್ದು. ಬಾಗಿಲ ಪಕ್ಕ ತೂಗುವ ಬಾಳೆಗೊನೆ ಇದ್ದೇ ಇದೆ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ, ಇರುವುದನ್ನು ಬೆರೆಸದೆ ಕೊಡಬೇಕು.

ಕಾನೂನು ಏನು ಹೇಳುತ್ತದೆ ಎನ್ನುವವರಿಗೆ ಒಂದೆರಡು ಮಾತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ತಂದ ಲೇಬಲ್ ನಿಯಮಗಳಲ್ಲಿ ಎಂಟು ಬಗೆಯ ಅಲರ್ಜಿಕಾರಕಗಳ ಪಟ್ಟಿಯಿದೆ. ಮೆನುವಿನಲ್ಲಿ ಅವನ್ನು ತಿಳಿಸುವ ಕಡ್ಡಾಯ ಇರುವುದು ಕೇಂದ್ರ ಲೈಸೆನ್ಸ್ ಪಡೆದ, ಇಲ್ಲವೇ ಹತ್ತು ಮತ್ತು ಹೆಚ್ಚು ಕಡೆ ಶಾಖೆಗಳಿರುವ ದೊಡ್ಡ ಸಂಸ್ಥೆಗಳಿಗೆ. ಸ್ಟೇಷನ್ ಎದುರಿನ ನಮ್ಮ ಹೋಟೆಲುಗಳಲ್ಲಿ ಹೆಚ್ಚಿನವು ಅದರ ಹೊರಗೆ. ಆ ಪಟ್ಟಿಯಲ್ಲೂ ಎಳ್ಳಿಲ್ಲ, ಸಾಸಿವೆಯಿಲ್ಲ. ಅಮೆರಿಕ 2023ರ ಜನವರಿಯಿಂದ ಎಳ್ಳನ್ನು ಒಂಬತ್ತನೆಯದಾಗಿ ಸೇರಿಸಿಕೊಂಡಿತು. ಯುರೋಪಿನಲ್ಲಿ 2014ರ ಡಿಸೆಂಬರ್‌ನಿಂದಲೇ ಹದಿನಾಲ್ಕು ಪದಾರ್ಥಗಳ ಬಗ್ಗೆ ಮೂಲೆಯ ಚಹಾದಂಗಡಿಯೂ ಉತ್ತರ ಹೇಳಬೇಕು.

ಬ್ರಿಟನ್ನಿನಲ್ಲಿ ನತಾಶಾ ಎಂಬ ಹದಿನೈದರ ಹುಡುಗಿ 2016ರ ಜುಲೈನಲ್ಲಿ ವಿಮಾನ ಹತ್ತುವ ಮೊದಲು ನಿಲ್ದಾಣದ ಅಂಗಡಿಯಲ್ಲಿ ಸ್ಯಾಂಡ್‌ವಿಚ್ ಕೊಂಡಳು. ಪೊಟ್ಟಣದ ಮೇಲೆ ಎಳ್ಳಿನ ಸುದ್ದಿ ಇರಲಿಲ್ಲ, ಹಿಟ್ಟಿನೊಳಗೆ ಎಳ್ಳು ಇತ್ತು. ವಿಮಾನದಲ್ಲೇ ಅವಳ ಅಪ್ಪ ಎರಡು ಅಡ್ರಿನಲಿನ್ ಚುಚ್ಚಿದರು. ಉಳಿಯಲಿಲ್ಲ. ಆ ತಂದೆ ತಾಯಿ ಹೋರಾಡಿ ಪಡೆದ ಕಾನೂನು 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಅವಳ ಹೆಸರಿನಲ್ಲೇ ಕರೆಯಲ್ಪಡುತ್ತಿದೆ. ನಮ್ಮಲ್ಲೂ ಕಾನೂನು ಬರಲು ಒಂದು ಮಗುವಿನ ಹೆಸರು ಬೇಕೆಂದು ಕಾಯುತ್ತಾ ಕೂರುವುದೇ?

ಲಾಡ್ಜಿನವರಿಗೂ ಹೇಳಬೇಕಾದದ್ದಿದೆ. ರೂಮಿನ ಬಾಗಿಲ ಹಿಂದೆ ‘ಅಡುಗೆ ಮಾಡಬಾರದು’ ಎಂಬ ಬೋರ್ಡು. ಬೆಂಕಿಯ ಭಯ, ಒಪ್ಪಿದೆ. ಹಾಗಾಗಿ ಆ ತಾಯಿ ಊರಿನಿಂದ ಹೊತ್ತು ತಂದ ರಾಗಿಹಿಟ್ಟನ್ನು ನಿಮ್ಮ ಎಲೆಕ್ಟ್ರಿಕ್ ಕೆಟಲಿನ ಬಿಸಿನೀರಿನಲ್ಲಿ ಕದಡಿ ಕೊಡುತ್ತಾಳೆ, ಅವಲಕ್ಕಿ ನೆನೆಹಾಕಿ ಬೆಲ್ಲ ಕಾಯಿ ಬೆರೆಸುತ್ತಾಳೆ. ಆ ಕೆಟಲಿನಲ್ಲಿ ಹಿಂದಿನ ಗಿರಾಕಿ ಹಾಲು ಕಾಯಿಸಿದ್ದನೋ ಮೊಟ್ಟೆ ಬೇಯಿಸಿದ್ದನೋ ಯಾರಿಗೆ ಗೊತ್ತು? ತಳದಲ್ಲಿ ಅಂಟಿದ ಬಿಳಿ ಪದರವನ್ನು ಉಗುರಿನಿಂದ ಕೆರೆದು ನೋಡಿ ಆಕೆ ಕೆಟಲನ್ನು ಬದಿಗಿಡುತ್ತಾಳೆ, ಕೆಳಗೆ ಬಂದು “ಅಣ್ಣಾ, ಸ್ವಲ್ಪ ಬಿಸಿನೀರು” ಎಂದು ಕೈಚಾಚುತ್ತಾಳೆ. ಬಿಸಿನೀರಿಗೆ ಬಾಟಲಿ ಲೆಕ್ಕದಲ್ಲಿ ದುಡ್ಡು ಹಿಡಿದವರನ್ನೂ ನಾನು ಬಲ್ಲೆ. ಅವರ ಹೆಸರು ಬೇಡ, ಅವರೂ ನಮ್ಮವರೇ. ಸೋಪಿನಲ್ಲಿ ತೊಳೆದ ಒಂದು ಪಾತ್ರೆ, ಒಂದು ಸಟ್ಟುಗ, ನಿಮ್ಮ ಅಡುಗೆಮನೆಯ ಒಂದು ಒಲೆ ಹತ್ತು ನಿಮಿಷ ಆ ತಾಯಿಗೆ ಬಿಟ್ಟುಕೊಟ್ಟರೆ ನಿಮಗಾಗುವ ನಷ್ಟವೇನು? ಸೋಪು ಎಂದೇ ಹೇಳುತ್ತಿದ್ದೇನೆ. ಸ್ಯಾನಿಟೈಸರ್ ಹಚ್ಚಿದರೆ ಶೇಂಗಾದ ಅಂಶ ಕೈಯಿಂದ ಹೋಗುವುದಿಲ್ಲ, ಸೋಪು ನೀರಿಗೆ ಹೋಗುತ್ತದೆ.

ನಿಮ್ಮಲ್ಲಿ ಎಷ್ಟೋ ಮಂದಿ ಮೀಸೆ ಮೂಡುವ ಮೊದಲೇ ಈ ಊರಿಗೆ ಬಂದವರು, ಇಲ್ಲವೇ ಹಾಗೆ ಬಂದವರ ಮಕ್ಕಳು. ಮೋರಿಯಲ್ಲಿ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಗಲ್ಲಾಕ್ಕೆ ಏರಿದವರು. ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ಶುರುಮಾಡಿದ ಬೋರ್ಡಿಂಗಿನಂಥ ಜಾಗಗಳು ಹೆಸರು ಮಾಡಿದ್ದು ರುಚಿಯಿಂದ ಮಾತ್ರವಲ್ಲ. ಮನೆ ಬಿಟ್ಟು ಬಂದವನು ಅಲ್ಲಿ ಏನು ತಿನ್ನುತ್ತೇನೆಂದು ತಲೆಕೆಡಿಸಿಕೊಳ್ಳದೆ ಉಣ್ಣಬಹುದಿತ್ತು. ಆ ನಂಬಿಕೆಯನ್ನು ಮಾರಿ ನಾವು ಬದುಕು ಕಟ್ಟಿಕೊಂಡೆವು. ಅದು ಇವತ್ತು ಅಲರ್ಜಿಯ ಮಗುವಿಗೆ ಮಾತ್ರ ಯಾಕೆ ಸಿಗಬಾರದು?

ಕೇಳುತ್ತಿರುವುದು ದೊಡ್ಡದೇನಲ್ಲ. ಮುಂಜಾನೆ ಗ್ರೈಂಡರ್ ತೊಳೆದ ಕೂಡಲೇ, ಶೇಂಗಾ ಬೀಳುವ ಮೊದಲು, ಬರೀ ಕಾಯಿ, ಮೆಣಸು, ಉಪ್ಪಿನ ಒಂದು ಸಣ್ಣ ಡಬ್ಬಿ ಚಟ್ನಿ ರುಬ್ಬಿ, ಮುಚ್ಚಳ ಹಾಕಿ, ಅದರದ್ದೇ ಚಮಚ ಇಟ್ಟು ಬೇರೆ ಮಾಡಿ. ಆ ದಿನದ ತಿಂಡಿಗಳಲ್ಲಿ ಯಾವುದಕ್ಕೆ ಶೇಂಗಾ, ಗೋಡಂಬಿ, ಹಾಲು, ಗೋಧಿ, ಎಳ್ಳು ಬಿದ್ದಿದೆ ಎಂದು ಭಟ್ಟರ ಬಾಯಿಂದ ಕೇಳಿ ಮರಾಠಿ, ಹಿಂದಿ, ಕನ್ನಡದಲ್ಲಿ ಒಂದು ಹಾಳೆ ಬರೆದು ಗಲ್ಲಾದ ಹಿಂದೆ ಅಂಟಿಸಿ. ಮಸಾಲೆ ಬದಲಾದ ದಿನ ಹಾಳೆಯೂ ಬದಲಾಗಲಿ. ಸಪ್ಲಾಯರ್ ಹುಡುಗನಿಗೆ ‘ನಹೀ’ಯ ಬದಲು ಬೇರೆ ವಾಕ್ಯ ಕಲಿಸಿ: “ಮಾಲೂಮ್ ನಹೀ, ಪೂಛ್ ಕೇ ಬತಾತಾ ಹೂಂ.” ಕೇಳಿ ಬಂದು ಹೇಳಲಿ. ಆಗದಿದ್ದರೆ, “ನಮ್ಮಲ್ಲಿ ಎಲ್ಲ ಒಂದೇ ಕಾವಲಿ, ನಿಮ್ಮ ಮಗುವಿಗೆ ಬೇಡಮ್ಮ, ಬಾಳೆಹಣ್ಣು ತೆಗೆದುಕೊಳ್ಳಿ” ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿಬಿಡಿ. ಆ ‘ಬೇಡ’ಕ್ಕೆ ಯಾವ ತಾಯಿಯೂ ಬೇಸರಿಸುವುದಿಲ್ಲ. ಅರೆಮನಸ್ಸಿನ ‘ಪರವಾಗಿಲ್ಲ’ವೇ ಕೊಲ್ಲುವುದು.

ಹೋಟೆಲ್ ಮಾಲಿಕರ ಸಂಘಗಳೇ, ಮುಂಬಯಿಯ ‘ಆಹಾರ್’ನಿಂದ ಹಿಡಿದು ಠಾಣೆ, ನವಿ ಮುಂಬಯಿಯ ಸಂಘಗಳವರೆಗೆ, ಲೈಸೆನ್ಸು, ಅಬಕಾರಿ, ಗ್ಯಾಸ್ ಬೆಲೆ ಎಂದು ನೀವು ಕರೆಯುವ ಸಭೆಗಳಲ್ಲಿ ಒಂದು ಗಂಟೆ ಒಬ್ಬ ಮಕ್ಕಳ ವೈದ್ಯರಿಗೆ ಕೊಡಿ. ಊದಿದ ತುಟಿ ಕಂಡರೆ ಏನು ಮಾಡಬೇಕು, ಮಗುವನ್ನು ಯಾಕೆ ಎಬ್ಬಿಸಿ ನಡೆಸಬಾರದು, ತಾಯಿ ಚುಚ್ಚುವಾಗ ಸುತ್ತ ನೆರೆದವರನ್ನು ಸರಿಸಿ 108ಕ್ಕೆ ವಿಳಾಸ ಹೇಳುವುದು ಯಾರು ಎಂದು ಅವರು ನಿಮ್ಮ ಮ್ಯಾನೇಜರುಗಳಿಗೆ ಕಲಿಸಲಿ. ಡೊಂಬಿವಲಿ ಕರ್ನಾಟಕ ಸಂಘಕ್ಕೆ ಶಾಲೆಯಿದೆ, ವಾಶಿಯಲ್ಲಿ ಕನ್ನಡ ಸಂಘವಿದೆ. ನಾಡಹಬ್ಬ, ಸನ್ಮಾನ, ಯಕ್ಷಗಾನಕ್ಕೆ ಎಷ್ಟು ಬೇಗ ಸಭಾಂಗಣ ಸಜ್ಜಾಗುತ್ತದೆಂದು ನಾನು ಕಂಡಿದ್ದೇನೆ. ಸನ್ಮಾನದ ಶಾಲುಗಳಲ್ಲಿ ಒಂದೆರಡು ಕಡಿಮೆ ಮಾಡಿ ಈ ಕಲಿಕೆಗೆ ಒಂದು ಭಾನುವಾರ ಇಡಿ. ಮದುವೆಗೆ ಅಡುಗೆ ವಹಿಸಿಕೊಳ್ಳುವ ಕೇಟರಿಂಗಿನವರನ್ನೂ ಕರೆಯಿರಿ, ಅವರ ಬೆಳಗಿನ ಉಪಾಹಾರದ ಸಾಲಿನಲ್ಲಿ ಒಂದೇ ಸೌಟು ಎಷ್ಟು ಪಾತ್ರೆ ಸುತ್ತುತ್ತದೆಂದು ನೋಡಿದವರಿಗೆ ಅದರ ಅಗತ್ಯ ಗೊತ್ತು.

ಇದಕ್ಕೆ ಸರ್ಕಾರದ ಸುತ್ತೋಲೆ ಬೇಡ, ಹೊಸ ಯಂತ್ರ ಬೇಡ. ಒಂದು ಡಬ್ಬಿ, ಒಂದು ಕಾವಲಿ, ಒಂದು ಹಾಳೆ, ಗ್ರೈಂಡರಿನ ಮೊದಲ ಐದು ನಿಮಿಷ. ಖರ್ಚು ನಿಮಗೆ ಹೆಚ್ಚಾದರೆ ಆ ಒಂದು ತಟ್ಟೆಗೆ ಹತ್ತು ರೂಪಾಯಿ ಜಾಸ್ತಿ ಹಿಡಿಯಿರಿ, ಕೊಡುತ್ತಾರೆ. ನಾಳೆ ಬೆಳಿಗ್ಗೆ ಮತ್ಸ್ಯಗಂಧ ಬರುವುದರೊಳಗೆ ಇದನ್ನು ಶುರುಮಾಡಬಹುದು. ಯಾರು ಮೊದಲು ಮಾಡುತ್ತೀರಿ ಹೇಳಿ, ಊರಿನಿಂದ ಬರುವ ಪ್ರತಿ ತಾಯಿಗೂ ನಿಮ್ಮ ಹೋಟೆಲಿನ ದಾರಿ ನಾನೇ ತೋರಿಸುತ್ತೇನೆ.